ಓದುಗರ ಪ್ರಶ್ನೆ: ಹೇಳುವವರು ಯಾರು, ಕೇಳಬೇಕಾದವರು ಯಾರು?

ಪ್ರಶ್ನೆ: ನಾವು ಕೆಲವು ಗೆಳೆಯರು ಗ್ರಾಫಿಕ್ ವಿನ್ಯಾಸ ಮತ್ತು ವಿಡಿಯೊ ಸಂಕಲನ ಬಲ್ಲವರು. ತೆರವಿನ ಭೀತಿಯಲ್ಲಿರುವ ಒಂದು ಬಡಾವಣೆಯ ಪರವಾಗಿ ಭಿತ್ತಿಪತ್ರಗಳನ್ನೂ ಒಂದು ಕಿರುಚಿತ್ರವನ್ನೂ ಮಾಡಿದೆವು. ಹೊರಗಿನವರು ಬಹಳ ಮೆಚ್ಚಿದರು. ನಿವಾಸಿಗಳು ಮಾತ್ರ ಆಸಕ್ತಿ ತೋರಲಿಲ್ಲ, ಅಧಿಕಾರಿಗಳಿಂದಲೂ ಉತ್ತರ ಬರಲಿಲ್ಲ. ಮುಂದೆ ಏನು ಮಾಡಬೇಕು?

ಉತ್ತರ: ಹೊರಗಿನವರ ಮೆಚ್ಚುಗೆಯನ್ನು ಸದ್ಯಕ್ಕೆ ಬದಿಗಿಡಿ. ನಿವಾಸಿಗಳು ಯಾವ ಮಾತನ್ನು ಯಾರಿಗೆ ಮುಟ್ಟಿಸಬೇಕೆಂದಿದ್ದರು ಎಂಬುದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಕೆಲಸ ಅಲ್ಲಿಂದಲೇ ಆರಂಭವಾಗಬೇಕು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಸೇರಿದ ಫೋಗೊ ದ್ವೀಪದ ಮೀನುಗಾರರು 1960ರ ದಶಕದಲ್ಲಿ ಇಂಥದೇ ಸಂಕಟದಲ್ಲಿದ್ದರು. ಮೀನುಗಾರಿಕೆ ಸೊರಗಿತ್ತು, ಅವರನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ನಡೆದಿತ್ತು. 1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ, ದ್ವೀಪದ ಬಗ್ಗೆ ಒಂದು ದೊಡ್ಡ ಸಾಕ್ಷ್ಯಚಿತ್ರ ಮಾಡುವ ಬದಲು, ಒಬ್ಬೊಬ್ಬರ ಮಾತನ್ನು ಅಥವಾ ಒಂದೊಂದು ಸಂಗತಿಯನ್ನು ಕುರಿತ ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳನ್ನು ಮಾಡಿದರು. ಚಿತ್ರಗಳನ್ನು ಮೊದಲು ದ್ವೀಪವಾಸಿಗಳಿಗೇ ತೋರಿಸಿ, ಅವರ ಒಪ್ಪಿಗೆ ಪಡೆದ ಮೇಲೆ ಸರ್ಕಾರಕ್ಕೆ ತೋರಿಸಲಾಯಿತು. ಸಚಿವರೊಬ್ಬರ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಲಾಯಿತು. ಬೇರೆ ಬೇರೆ ಹಳ್ಳಿಗಳಲ್ಲಿ ಚದುರಿಹೋಗಿದ್ದ ಜನರಿಗೆ ತಮ್ಮೆಲ್ಲರ ಕಷ್ಟವೂ ಒಂದೇ ಎಂಬುದು ಮನದಟ್ಟಾಯಿತು. ಅವರು ಸಹಕಾರ ಸಂಘ ಕಟ್ಟಿಕೊಂಡರು, ದ್ವೀಪದಲ್ಲೇ ಉಳಿದರು. ಇದೆಲ್ಲ ಚಿತ್ರಗಳಿಂದಲೇ ಆಯಿತು ಎನ್ನುವುದು ಅತಿಶಯೋಕ್ತಿ, ಏಕೆಂದರೆ ಸಂಘಟನೆಯ ಪ್ರಯತ್ನ ಅಲ್ಲಿ ಮೊದಲೇ ಇತ್ತು. ಚಿತ್ರಗಳು ಅದಕ್ಕೆ ನೆರವಾದವು.

ಆದ್ದರಿಂದ ನಿಮ್ಮ ಕಿರುಚಿತ್ರದ ಕರಡು ಸಂಕಲನವನ್ನು ನಿವಾಸಿಗಳ ಮುಂದೆ ಇಟ್ಟು, ಬೇಡವೆಂದದ್ದನ್ನು ತೆಗೆಸುವ ಅಧಿಕಾರವನ್ನು ಅವರಿಗೇ ಕೊಡಿ. ಆಮೇಲೆ, ತೆರವಿನ ಆದೇಶಕ್ಕೆ ಸಹಿ ಹಾಕುವವರು ಅಥವಾ ಅದನ್ನು ತಡೆಯಬಲ್ಲವರು ಯಾರೆಂದು ಪತ್ತೆ ಮಾಡಿ, ಅವರು ಉತ್ತರಿಸಲೇಬೇಕಾದ ಸಭೆಯಲ್ಲಿ ಅದನ್ನು ಪ್ರದರ್ಶಿಸಿ. ಸಾವಿರ ಅಪರಿಚಿತರು ನೋಡುವುದಕ್ಕಿಂತ ಅಂಥ ಒಬ್ಬರು ನೋಡುವುದು ಹೆಚ್ಚು ಉಪಯುಕ್ತ.

ಭಿತ್ತಿಪತ್ರಗಳ ಗುರಿ ಬೇರೆ. 'ನ್ಯಾಯ ಬೇಕು' ಎಂಬುದನ್ನು ನಿವಾಸಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋಟಿಸು ಬಂದರೆ ಎಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು, ಯಾವ ದಾಖಲೆ ಇಟ್ಟುಕೊಳ್ಳಬೇಕು, ಯಾವ ಕಚೇರಿಗೆ ಹೋಗಬೇಕು ಎಂಬ ಮಾಹಿತಿಯಿದ್ದರೆ ಅದನ್ನು ಅವರು ಜೋಪಾನವಾಗಿ ಎತ್ತಿಡುತ್ತಾರೆ. ನ್ಯೂಯಾರ್ಕಿನ ಬೀದಿ ವ್ಯಾಪಾರಿಗಳಿಗಾಗಿ 2009ರಲ್ಲಿ ಬಂದ ಒಂದು ಮಡಿಕೆಪತ್ರ ಹೀಗೆಯೇ, ಓದಲು ತೊಡಕಾದ ನಗರ ನಿಯಮಗಳನ್ನು ಚಿತ್ರಗಳಲ್ಲಿ ಬಿಡಿಸಿಟ್ಟಿತು. ಅದರಲ್ಲಿ ವ್ಯಾಪಾರಿಗಳಾಡುವ ಬಂಗಾಳಿ, ಚೀನಿ, ಅರಬ್ಬಿ, ಸ್ಪ್ಯಾನಿಷ್ ಭಾಷೆಗಳಿಗೂ ಸ್ಥಾನವಿತ್ತು.

ಪ್ರಶ್ನೆ: ಜನರ ಮನಸ್ಸು ಕರಗಬೇಕಾದರೆ ಕಣ್ಣೀರಿನ ಚಿತ್ರಗಳು ಅನಿವಾರ್ಯವಲ್ಲವೇ?

ಉತ್ತರ: ಅಲ್ಲ. 1968ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಾಗ, ಸುಮಾರು 1,300 ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು. ಅವರು ಹಿಡಿದ ಫಲಕದಲ್ಲಿ 'ನಾನೂ ಮನುಷ್ಯ' ಎಂಬ ಅರ್ಥದ ಒಂದೇ ಸಾಲು ಇತ್ತು. ಹೆಣದ ಚಿತ್ರವಿರಲಿಲ್ಲ, ಅನುಕಂಪದ ಬೇಡಿಕೆಯೂ ಇರಲಿಲ್ಲ. ಕಣ್ಣೀರಿನ ಚಿತ್ರ ದೇಣಿಗೆ ತರಬಹುದು, ಆದರೆ ಅದರಲ್ಲಿರುವವರನ್ನು ಕೈಚಾಚಿದವರನ್ನಾಗಿ ತೋರಿಸುತ್ತದೆ. ಹಕ್ಕು ಕೇಳುವವರಿಗೆ ಆ ವೇಷ ಒಪ್ಪುವುದಿಲ್ಲ. ಮುಖ ತೋರಿಸುವುದರಿಂದ ಮಾಲೀಕರ ಅಥವಾ ಪೊಲೀಸರ ಕಣ್ಣಿಗೆ ಬೀಳುವ ಅಪಾಯವೂ ಇದೆ. ಒಪ್ಪಿಗೆ ಪಡೆಯುವಾಗ ಚಿತ್ರ ಎಲ್ಲೆಲ್ಲಿ ಬಳಕೆಯಾಗುತ್ತದೆ, ಒಮ್ಮೆ ಅಂತರ್ಜಾಲಕ್ಕೆ ಹೋದರೆ ಹಿಂಪಡೆಯುವುದು ಎಷ್ಟು ಕಷ್ಟ ಎಂಬುದನ್ನು ತಿಳಿಸಿ ಹೇಳಿ. ಮರುದಿನ ಇನ್ನೊಮ್ಮೆ ಕೇಳಿ.

ಪ್ರಶ್ನೆ: ಬಣ್ಣ, ಅಕ್ಷರಗಳ ವಿಷಯದಲ್ಲೂ ನ್ಯಾಯದ ಪ್ರಶ್ನೆ ಇದೆಯೇ?

ಉತ್ತರ: ಇದೆ. ತಿಳಿಬೂದು ಅಕ್ಷರ ಸೊಗಸಾಗಿ ಕಾಣಬಹುದು, ದೃಷ್ಟಿ ಮಂದವಾದವರಿಗೆ ಕಾಣುವುದೇ ಇಲ್ಲ. ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರಷ್ಟು ವ್ಯತ್ಯಾಸವಿರಬೇಕೆಂದಿದೆ. ಕೆಂಪು-ಹಸಿರು ಭೇದವನ್ನಷ್ಟೇ ನೆಚ್ಚಿ ಸೂಚನೆ ಕೊಡಬೇಡಿ. ವಿಡಿಯೊದ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲಿ ಕೊಡಿ. ಓದು ಬಾರದವರಿಗಾಗಿ ಭಿತ್ತಿಪತ್ರದ ಮಾಹಿತಿಯನ್ನು ಧ್ವನಿಮುದ್ರಿಸಿಯೂ ಹಂಚಿ.