ಅನಿಮೇಶನ್ ಬರಲ್ಲ, ಅಪ್ಪನ ಫೋನ್ ಮಾತ್ರ ಇದೆ. ಬ್ರೇಕ್‌ಥ್ರೂ ಜೂನಿಯರ್ ಚಾಲೆಂಜ್‌ಗೆ ವಿಡಿಯೊ ಕಳಿಸಬಹುದಾ?

ಖಂಡಿತ ಕಳಿಸಿ. ಫಸ್ಟ್ ಪಿಯುಸಿ ಸೈನ್ಸ್, ಇಂಗ್ಲಿಷ್ ಅಷ್ಟಕ್ಕಷ್ಟೆ, ಎಡಿಟಿಂಗ್ ಗೊತ್ತಿಲ್ಲ ಅಂತ ಬರೆದಿದ್ದೀರಿ. 2019ರಲ್ಲಿ ನಾನು ಕಳಿಸಿದಾಗ ನನ್ನ ಸ್ಥಿತಿಯೂ ಹೆಚ್ಚುಕಮ್ಮಿ ಇದೇ ಇತ್ತು. ನಾನು ಗೆಲ್ಲಲಿಲ್ಲ, ಮುಂದಿನ ಸುತ್ತಿಗೂ ಹೋಗಲಿಲ್ಲ. ಆದರೆ ಆ ಎರಡು ತಿಂಗಳಲ್ಲಿ ಕಲಿತಷ್ಟು ಕೆಮಿಸ್ಟ್ರಿಯನ್ನು ಎರಡು ವರ್ಷದ ಪಿಯುಸಿಯಲ್ಲಿ ಕಲಿತಿರಲಿಲ್ಲ. ಇವತ್ತು ನಾನು ಓದುತ್ತಿರುವ ವಿಷಯವೂ ಅದೇ.

ಇದನ್ನು ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ಸ್ವಲ್ಪ ಹೇಳುತ್ತೇನೆ. ಇದು 13ರಿಂದ 18 ವರ್ಷದವರಿಗೆ ಇರುವ ಸ್ಪರ್ಧೆ. 2015ರಲ್ಲಿ ಶುರುವಾಯಿತು. ಭೌತವಿಜ್ಞಾನ, ಜೀವವಿಜ್ಞಾನ ಅಥವಾ ಗಣಿತದ ಒಂದು ದೊಡ್ಡ ವಿಚಾರವನ್ನು ಪುಟ್ಟ ವಿಡಿಯೊದಲ್ಲಿ ಅರ್ಥ ಮಾಡಿಸಬೇಕು. ಗೆದ್ದವರಿಗೆ ಕಾಲೇಜು ಓದಿಗೆ 2,50,000 ಡಾಲರ್ ಸ್ಕಾಲರ್‌ಶಿಪ್. ಜೊತೆಗೆ ಅವರಿಗೆ ಸ್ಫೂರ್ತಿ ಕೊಟ್ಟ ಮೇಷ್ಟ್ರಿಗೆ 50,000 ಡಾಲರ್, ಶಾಲೆಗೆ 1,00,000 ಡಾಲರ್ ಬೆಲೆಯ ಪ್ರಯೋಗಾಲಯ. 2018ರಲ್ಲಿ ಗೆದ್ದವನು ನಮ್ಮ ಬೆಂಗಳೂರಿನ ಕೋರಮಂಗಲದ ಒಂದು ಶಾಲೆಯ ಹುಡುಗ. ನಮ್ಮ ದೇಹದೊಳಗೆ ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರದ ಬಗ್ಗೆ ಮಾಡಿದ್ದ. ನನಗೆ ಈ ಸ್ಪರ್ಧೆಯ ಸುದ್ದಿ ಗೊತ್ತಾಗಿದ್ದೇ ಅವನಿಂದ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ತೀರ್ಪುಗಾರರು ನೋಡುವ ಮುಖ್ಯ ಅಂಶಗಳು ನಾಲ್ಕು: ನೋಡುವವರನ್ನು ಹಿಡಿದಿಡುತ್ತಾ, ವಿಷಯ ತಿಳಿಯಾಗುತ್ತಾ, ಹೊಸತನ ಇದೆಯಾ, ಆರಿಸಿಕೊಂಡ ವಿಷಯ ಎಷ್ಟು ಕಷ್ಟದ್ದು. ಇದರಲ್ಲಿ ಅನಿಮೇಶನ್ ಅನ್ನೋ ಮಾತೇ ಇಲ್ಲ, ಅಲ್ವಾ? ಅದಕ್ಕೇ ಮೊದಲು ಸಾಫ್ಟ್‌ವೇರ್ ಹುಡುಕಬೇಡಿ. ನಿಮ್ಮನ್ನು ಬಿಡದೆ ಕಾಡುವ ಒಂದು ಪ್ರಶ್ನೆ ಹುಡುಕಿ.

ನನ್ನ ಪ್ರಶ್ನೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಪುದೀನದ ವಾಸನೆಗೆ ಮುಖ್ಯ ಕಾರಣ ಕಾರ್ವೋನ್ ಅನ್ನೋ ಅಣು. ಸಬ್ಬಸಿಗೆ ಬೀಜದ ವಾಸನೆಗೂ ಕಾರ್ವೋನೇ ಕಾರಣ. ಎರಡರಲ್ಲೂ ಅವೇ ಪರಮಾಣು, ಅಷ್ಟೇ ಸಂಖ್ಯೆ, ಅದೇ ಜೋಡಣೆ. ವ್ಯತ್ಯಾಸ ಒಂದೇ: ಒಂದು ಅಣು ಇನ್ನೊಂದರ ಕನ್ನಡಿ ಬಿಂಬ, ಎಡಗೈ ಬಲಗೈ ಇದ್ದ ಹಾಗೆ. ಇದಕ್ಕೆ ಕೈರಾಲಿಟಿ ಅಂತಾರೆ. ಅಮ್ಮನ ಡಬ್ಬಿಯಿಂದ ಸಬ್ಬಸಿಗೆ ಬೀಜ ತೆಗೆದು ಬಲ ಅಂಗೈಯಲ್ಲಿ ಉಜ್ಜಿದೆ. ಎಡ ಅಂಗೈಯಲ್ಲಿ ಪುದೀನ ಎಲೆ. ಒಂದಾದ ಮೇಲೊಂದು ಮೂಸಿದೆ. ಸಂಬಂಧವೇ ಇಲ್ಲ! ಅವತ್ತು ಎಷ್ಟು ಸಲ ಮೂಸಿದೆನೋ ಲೆಕ್ಕ ಇಲ್ಲ.

ಖುಷಿಯಲ್ಲಿ ಒಂದೇ ರಾತ್ರಿ ಸ್ಕ್ರಿಪ್ಟ್ ಬರೆದೆ. ಮಾರನೇ ದಿನ ಅತ್ತೆ ಮಗನಿಗೆ ಓದಿ ಹೇಳಿದೆ. ಅವನು ಐಟಿಐ ಓದುತ್ತಿದ್ದ, ಕೆಮಿಸ್ಟ್ರಿ ಬಿಟ್ಟು ವರ್ಷಗಳಾಗಿತ್ತು. ಪೂರ್ತಿ ಕೇಳಿದ. ಆಮೇಲೆ, "ಸರಿ, ಅಣು ಉಲ್ಟಾ ಇದೆ. ಅದು ಉಲ್ಟಾ ಅಂತ ಮೂಗಿಗೆ ಹೆಂಗೆ ಗೊತ್ತಾಗುತ್ತೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಸ್ಕ್ರಿಪ್ಟ್‌ನಲ್ಲಿ ಇರಲೇಬೇಕಿದ್ದ ವಿಷಯವನ್ನೇ ಬಿಟ್ಟಿದ್ದೆ.

ಅದಕ್ಕೆ ಎರಡು ವಾರ ಹಿಡಿಯಿತು. ಉತ್ತರ ಇಷ್ಟು: ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಪ್ರೋಟೀನುಗಳು. ನಮ್ಮ ಪ್ರೋಟೀನುಗಳನ್ನು ಕಟ್ಟಿರುವ ಪುಟ್ಟ ಅಣುಗಳು, ಅಂದರೆ ಅಮೈನೋ ಆಮ್ಲಗಳು, ಹೆಚ್ಚುಕಮ್ಮಿ ಎಲ್ಲವೂ ಎಡಗೈ ಥರದವು. ಅಂದರೆ ಮೂಗಿಗೇ ಎಡ ಬಲ ಇದೆ. ಕತ್ತಲಲ್ಲಿ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗೆ ಕಾಲು ತೂರಿಸುತ್ತೀರಿ. ಬಲಗಾಲಿಗೆ ಎಡಗಾಲಿನ ಚಪ್ಪಲಿ ಸಿಕ್ಕಿದರೆ ನೋಡದೇ ಗೊತ್ತಾಗುತ್ತೆ, ಯಾಕೆಂದರೆ ಕಾಲಿಗೂ ಒಂದು ಆಕಾರ ಇದೆ. ನನ್ನ ವಿಡಿಯೊ ಶುರುವಾಗಿದ್ದು ನಮ್ಮ ಮನೆ ಬಾಗಿಲ ಮುಂದಿನ ಚಪ್ಪಲಿಗಳಿಂದ.

ಹಾಗಾಗಿ ಸ್ಕ್ರಿಪ್ಟ್ ಆದಮೇಲೆ ಸೈನ್ಸ್ ಓದದ ಯಾರಿಗಾದರೂ ಓದಿ ಹೇಳಿ. "ಚೆನ್ನಾಗಿದೆ" ಅಂದರೆ ಅಲ್ಲಿಗೇ ಬಿಡಬೇಡಿ. ಏನು ಅರ್ಥ ಆಯಿತು ಅಂತ ಅವರಿಂದಲೇ ಹೇಳಿಸಿ.

ಚಿತ್ರಗಳಿಗೆ ನಾನು ಬಳಸಿದ್ದು ಎರಡು ಆಲೂಗಡ್ಡೆ ಮತ್ತು ಊದುಬತ್ತಿ ಕಡ್ಡಿ. ಒಂದೊಂದು ಆಲೂಗಡ್ಡೆಗೆ ನಾಲ್ಕು ಕಡ್ಡಿ, ಕಡ್ಡಿಯ ತುದಿಗೆ ನಿಂಬೆಹಣ್ಣು, ಟೊಮೆಟೊ, ಕ್ಯಾರೆಟ್, ಬದನೆಕಾಯಿ. ಒಂದನ್ನು ಕನ್ನಡಿ ಮುಂದಿಟ್ಟು, ಬಿಂಬ ನೋಡಿಕೊಂಡು ಇನ್ನೊಂದನ್ನು ಮಾಡಿದೆ. ಎರಡನ್ನೂ ಹೇಗೆ ತಿರುಗಿಸಿದರೂ ನಾಲ್ಕೂ ತರಕಾರಿ ಒಟ್ಟಿಗೆ ಹೊಂದುವುದಿಲ್ಲ. ಇದನ್ನು ಕೈಯಲ್ಲಿ ತಿರುಗಿಸಿ ತೋರಿಸಿದ್ದು 10 ಸೆಕೆಂಡು. ಅನಿಮೇಶನ್ ಬಂದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲವೇನೋ.

ದನಿಯ ವಿಷಯಕ್ಕೆ ಮಾತ್ರ ಜಾಸ್ತಿ ಗಮನ ಕೊಡಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡ್ತಾರೆ, ಮಾತು ಕೇಳಿಸದಿದ್ದರೆ ಬಿಟ್ಟು ಹೋಗ್ತಾರೆ. ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ, ಫ್ಯಾನ್ ಆರಿಸಿ, ಕಂಬಳಿ ಹೊದ್ದು ರೆಕಾರ್ಡ್ ಮಾಡಿದ್ದೆ. ಬೆವರು ಸುರಿದರೂ ಮಾತು ಸ್ಪಷ್ಟವಾಗಿ ಬಂತು. ಬೇರೆಯವರ ಹಾಡು, ಸಂಗೀತ ಹಾಕಬೇಡಿ, ಹಕ್ಕಿನ ತೊಂದರೆ ಬರುತ್ತೆ.

ಇಂಗ್ಲಿಷ್ ಬಗ್ಗೆ ಹೆದರಿಕೆ ಬೇಡ. ಮೊದಲು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಹೇಳಲು ತಡವರಿಸುವ ಜಾಗ ನಿಮಗೇ ಅರ್ಥವಾಗದ ಜಾಗ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿಕೊಂಡು ನಿಧಾನವಾಗಿ ಹೇಳಿ.

ವಿಡಿಯೊ ಎಷ್ಟು ಉದ್ದ ಇರಬೇಕು ಅನ್ನೋದು ವರ್ಷದಿಂದ ವರ್ಷಕ್ಕೆ ಬದಲಾಗಿದೆ. ನನ್ನ ಕಾಲಕ್ಕೆ 3 ನಿಮಿಷ, ಆಮೇಲೆ ಇನ್ನೂ ಕಮ್ಮಿ ಮಾಡಿದರು. ಕೊನೆಯ ದಿನಾಂಕವೂ ಹಾಗೇ. ಸ್ಕ್ರಿಪ್ಟ್ ಬರೆಯುವ ಮೊದಲೇ ಆ ವರ್ಷದ ನಿಯಮ ಪೂರ್ತಿ ಓದಿ. ವಿಡಿಯೊ ಕಳಿಸಿದರೆ ಮುಗಿಯಲಿಲ್ಲ, ಬೇರೆ ಸ್ಪರ್ಧಿಗಳ ವಿಡಿಯೊ ನೋಡಿ ನೀವೂ ಅಂಕ ಕೊಡಬೇಕಾಗುತ್ತೆ. ಅದನ್ನು ಮರೆಯಬೇಡಿ. ಮನಸಿಟ್ಟು ನೋಡಿ, ನಿಮ್ಮ ವಯಸ್ಸಿನವರು ಎಲ್ಲೆಲ್ಲಿಂದಲೋ ಎಂಥೆಂಥ ವಿಷಯ ಹೇಳ್ತಾರೆ!

ಮೇಷ್ಟ್ರ ಹೆಸರನ್ನೂ ಕೊಡಬೇಕು. ನಾನು ನಮ್ಮ ಕೆಮಿಸ್ಟ್ರಿ ಮೇಡಂ ಹೆಸರು ಕೊಟ್ಟೆ. ಕೇಳೋಕೆ ಹೋದಾಗ ಅವರು ಸುಮ್ನೆ ನನ್ನ ನೋಟ್‌ಬುಕ್ ಇಸ್ಕೊಂಡು, ಸ್ಟಾಫ್‌ರೂಮಲ್ಲಿ ನಿಂತೇ ಸ್ಕ್ರಿಪ್ಟ್ ಓದಿ, ಎರಡು ಕಡೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದರು. ಎರಡೂ ನಿಜವಾದ ತಪ್ಪುಗಳು. ನಾನು ಹೋಗಿದ್ದು ಕೊನೆಯ ವಾರದಲ್ಲಿ. ನೀವು ಮೊದಲ ವಾರದಲ್ಲೇ ಹೋಗಿ.