"ಐದೇ ಪರ್ಸೆಂಟ್" ಎಂದುಕೊಂಡಿದ್ದ ಹೋಟೆಲ್ ಮಾಲೀಕರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು ನಲವತ್ತೈದರ ಆಸುಪಾಸು. ರಾಯಚೂರಿನಲ್ಲಿ ತಂದೆಯ ಹಳೆಯ ಲಾಡ್ಜನ್ನು ಕೆಡವಿ 32 ಕೋಣೆಗಳ ಹೋಟೆಲ್ ಕಟ್ಟಿಸಿ, ಹೆಸರಾಂತ ಕಂಪನಿಯೊಂದರ ಫ್ರಾಂಚೈಸಿ, ಅಂದರೆ ಅದರ ಹೆಸರಿನಲ್ಲಿ ಹೋಟೆಲ್ ನಡೆಸುವ ಹಕ್ಕು, ಪಡೆದಿದ್ದರು. ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ನಿದ್ರೆ ಬಾರದೆಂದು. ರಾತ್ರಿ ಮೂರಕ್ಕೆ ಎಚ್ಚರ, ಎದೆಬಡಿತ. ಪ್ರತಿ ತಿಂಗಳ ಹತ್ತನೆಯ ತಾರೀಖು ಸಮೀಪಿಸಿದರೆ ಊಟ ಸೇರದು. ಅದು ಕಂಪನಿಯ ಹೆಸರು ಬಳಸುವುದಕ್ಕೆ ರಾಯಲ್ಟಿ ಮತ್ತಿತರ ಶುಲ್ಕ ಕಟ್ಟುವ ದಿನ. ಏಳು ತಿಂಗಳ ಬಾಕಿ ಏರಿತ್ತು. ಲಾಕರಿನಲ್ಲಿದ್ದ ಬಂಗಾರವನ್ನು ಒತ್ತೆಯಿಟ್ಟ ಸಂಗತಿ ಹೆಂಡತಿಗೆ ತಿಳಿದಿರಲಿಲ್ಲ.

"ಐದೇ ಪರ್ಸೆಂಟ್ ಕಟ್ಟಲಾಗದವನು ಎಂಥ ವ್ಯಾಪಾರಿ?" ಎಂದು ಒಂದು ಗಂಟೆಯಲ್ಲಿ ನಾಲ್ಕು ಸಲ ಹೇಳಿದರು.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. "ಎಲ್ಲಿಗಾದರೂ ಹೋಗಿಬಿಡೋಣ ಅನಿಸುತ್ತದೆ, ಅಷ್ಟೇ" ಎಂದರು. ಆದರೂ ಹಗಲಿರುಳು ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ನ್ನು ಅವರ ಮೊಬೈಲಿನಲ್ಲಿ ಅಲ್ಲೇ ಬರೆಸಿದೆ.

ಎರಡನೆಯ ಭೇಟಿಗೆ ಒಪ್ಪಂದ ಮತ್ತು ಬಿಲ್ಲುಗಳನ್ನು ತರಲು ಹೇಳಿದ್ದೆ. ಜವಳಿ ಅಂಗಡಿಯ ಕೈಚೀಲದ ತುಂಬ ತಂದರು. ಅರ್ಧದಷ್ಟು ಲಕೋಟೆಗಳನ್ನು ಒಡೆದೇ ಇರಲಿಲ್ಲ. ಒಂದೊಂದಾಗಿ ಒಡೆದು ಮೇಜಿನ ಮೇಲೆ ಹರಡಿದೆವು. ಒಂದು ತಿಂಗಳ ಕೋಣೆ ಬಾಡಿಗೆ 8 ಲಕ್ಷ. ಅದರ ಮೇಲೆ ಶೇಕಡಾ 5 ರಾಯಲ್ಟಿ, 40,000. ಪ್ರಚಾರ ನಿಧಿಗೆ ಶೇಕಡಾ 2, 16,000. ಕಂಪನಿಯ ಜಾಲದಿಂದ ಬಂದ 3 ಲಕ್ಷದ ಬುಕಿಂಗ್‌ಗೆ ಶೇಕಡಾ 8, 24,000. ಸಾಫ್ಟ್‌ವೇರ್ ಶುಲ್ಕ ಕೋಣೆಗೆ 300ರಂತೆ 9,600. ಎಲ್ಲದಕ್ಕೂ ಶೇಕಡಾ 18 ಜಿಎಸ್‌ಟಿ. ಒಟ್ಟು 1,05,728 ರೂಪಾಯಿ. ಅಂದರೆ ಶೇಕಡಾ ಹದಿಮೂರಕ್ಕೂ ಮೇಲೆ! 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ತೆರಿಗೆ ಶೇಕಡಾ 5ಕ್ಕೆ ಇಳಿದಿದೆ, ಆದರೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ. ಹಾಗಾಗಿ ಆ 18ರ ಹೊರೆಯೂ ಮಾಲೀಕರದೇ.

ಸಾಫ್ಟ್‌ವೇರ್ ಶುಲ್ಕ ಬಿಟ್ಟರೆ ಉಳಿದದ್ದೆಲ್ಲ ಲೆಕ್ಕವಾಗುವುದು ವಸೂಲಾದ ಬಾಡಿಗೆಯ ಮೇಲೆ, ಲಾಭದ ಮೇಲಲ್ಲ. ಗುರುವಾರದ ಮುನ್ನಾದಿನ ಮಂತ್ರಾಲಯದ ಯಾತ್ರಿಕರಿಂದ ಹೋಟೆಲ್ ತುಂಬುತ್ತದೆ. ಬೇಸಿಗೆಯಲ್ಲಿ ಕೋಣೆಗಳು ಖಾಲಿ, ಕರೆಂಟ್ ಬಿಲ್ಲು, ಸಂಬಳ, ಬ್ಯಾಂಕ್ ಕಂತು ಮಾತ್ರ ನಿಲ್ಲವು. ನಷ್ಟದ ತಿಂಗಳಲ್ಲೂ ಶುಲ್ಕ ಕಟ್ಟಲೇಬೇಕು.

ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. "ಇದನ್ನು ನಾನು ಕೂಡಿಸಿಯೇ ಇರಲಿಲ್ಲ" ಎಂದರು. ಅವರನ್ನು ತಿನ್ನುತ್ತಿದ್ದುದು ಸಾಲಕ್ಕಿಂತ ಹೆಚ್ಚಾಗಿ ತಾನು ನಾಲಾಯಕ್ ಎಂಬ ತೀರ್ಪು. ಆ ತೀರ್ಪು ತಪ್ಪು ಲೆಕ್ಕದ ಮೇಲೆ ನಿಂತಿತ್ತು.

ನಾನು ಕೊಟ್ಟ ಸಲಹೆ: ಮೊದಲು ಹೆಂಡತಿಗೆ ಹೇಳಿ, ಬೇಕಾದರೆ ನನ್ನೆದುರೇ. ಲಕೋಟೆ ಬಂದ ದಿನವೇ ಒಡೆಯಿರಿ, ಆದರೆ ರಾತ್ರಿ ಎಂಟರ ನಂತರ ಲೆಕ್ಕ ಬೇಡ. ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಕಂಪನಿಗೆ ಬರವಣಿಗೆಯಲ್ಲೇ ಕೇಳಿ. ಒಪ್ಪಂದವನ್ನು ಅವಧಿಗೆ ಮುನ್ನ ಮುರಿದರೆ ತೆರಬೇಕಾದ ದೊಡ್ಡ ಮೊತ್ತವೇ ಅವರ ನಡುರಾತ್ರಿಯ ಭೂತವಾಗಿತ್ತು. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ನ್ಯಾಯಯುತ ಪರಿಹಾರವನ್ನು. ಇದನ್ನು ವಕೀಲರಿಂದಲೇ ಬಿಡಿಸಿ ಕೇಳಿಕೊಳ್ಳಿ ಎಂದು ಕಳುಹಿಸಿದೆ.

ಹೆಂಡತಿ ಬಂದರು. ಬಂಗಾರದ ಮಾತಿಗೆ ಅತ್ತರು, ಕೋಪಿಸಿಕೊಂಡರು. ಆಮೇಲೆ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ಕೂಡಿಸಿದರು. ಈಗ ಲೆಕ್ಕ ಬರೆಯುವವರು ಅವರೇ. ಬಾಕಿಗೆ ಆರು ಕಂತು ಸಿಕ್ಕಿದೆ. ಕಂಪನಿಯ ಫಲಕ ಉಳಿಸಿಕೊಳ್ಳುವುದೋ ಇಳಿಸುವುದೋ ತೀರ್ಮಾನವಾಗಿಲ್ಲ. "ಶ್ರಾವಣದಲ್ಲಿ ರಾಯರ ಆರಾಧನೆ ಮುಗಿಯಲಿ, ಆ ತಿಂಗಳ ಲೆಕ್ಕ ನೋಡಿ ಹೇಳುತ್ತೇವೆ" ಎಂದಿದ್ದಾರೆ.