ಜಂಪ್ ಕೈಕೊಟ್ಟಿತೆಂದು ಊಟ ಬಿಟ್ಟ ಹುಡುಗಿ

ಫಿಗರ್ ಸ್ಕೇಟಿಂಗ್ ಮಾಡುವ ಹದಿಮೂರು, ಹದಿನಾಲ್ಕರ ಹುಡುಗಿಯರ ಮನೆಯಿಂದ ಆಪ್ತಸಲಹೆಗಾರ್ತಿಯಾದ ನನಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ಹೋದ ವರ್ಷ ಸಲೀಸಾಗಿ ಮಾಡ್ತಿದ್ದ ಜಂಪ್ ಈಗ ಬರ್ತಿಲ್ಲ, ಮಂಕಾಗಿಬಿಟ್ಟಿದ್ದಾಳೆ." ಅಮೆರಿಕದಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬದ ಪ್ರಕರಣವಿದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗಿಗೆ 14, ಜೂನಿಯರ್ ಮಟ್ಟ. ಶಾಲೆಗೆ ಮುಂಚೆ ಐಸ್ ಮೇಲೆ ಅಭ್ಯಾಸ. ಒಂದೇ ವರ್ಷದಲ್ಲಿ ಎಂಟು ಸೆಂಟಿಮೀಟರ್ ಬೆಳೆದಿದ್ದಳು, ಗಾಳಿಯಲ್ಲಿ ಮೂರು ಸುತ್ತು ಹಾಕುವ ಟ್ರಿಪಲ್ ಲುಟ್ಜ್ ಎಂಬ ಜಂಪ್ ಕೈಕೊಟ್ಟಿತ್ತು.

ಎರಡನೆಯ ಭೇಟಿಗೆ ಮೂವರೂ ಬಂದಿದ್ದರು. "ಎರಡು ಕೆಜಿ ಇಳಿದ್ರೆ ಲುಟ್ಜ್ ವಾಪಸ್ ಬರುತ್ತೆ ಅಂತ ಕೋಚ್ ಹೇಳಿದಾರೆ. ಇವಳೂ ಒಪ್ಪಿದಾಳೆ. ನೀವು ಸ್ವಲ್ಪ ಧೈರ್ಯ ತುಂಬಿದ್ರೆ ಸಾಕು ಮೇಡಂ," ಎಂದರು ಅಪ್ಪ. ಹುಡುಗಿ ಜಾಕೆಟ್ಟಿನ ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತ ಕೂತಿದ್ದಳು. ನಿದ್ದೆ ಹೇಗಿದೆ, ಊಟ ಹೇಗಿದೆ ಎಂದು ಕೇಳುತ್ತ ಹೋದೆ. ಅವಳಾಗಿಯೇ ಹೇಳಿದಳು: "ಪೀರಿಯಡ್ಸ್ ನಿಂತು ಐದು ತಿಂಗಳಾಯ್ತು ಆಂಟಿ. ಡಯಟ್ ವರ್ಕ್ ಆಗ್ತಿದೆ ಅಂತ ನಂಗೆ ಖುಷೀನೇ ಆಯ್ತು." ಅಮ್ಮ ತಕ್ಷಣ, "ಇಷ್ಟು ಪ್ರಾಕ್ಟೀಸ್ ಮಾಡೋ ಮಕ್ಕಳಿಗೆಲ್ಲ ಹಾಗೇ ಅಂತೆ" ಎಂದರು. ಇನ್ನಷ್ಟು ಕೇಳಿದಾಗ ಬಲಗಾಲಿನ ಕಣಕಾಲ ಮೂಳೆ ಒತ್ತಿದರೆ ನೋಯುತ್ತದೆ ಎಂಬುದೂ ಹೊರಬಿತ್ತು. ಪ್ರತಿ ಜಂಪ್‌ನಲ್ಲೂ ಅವಳು ಇಳಿಯುವುದು ಅದೇ ಕಾಲಿನ ಮೇಲೆ.

ಧೈರ್ಯ ತುಂಬುವ ಕೆಲಸವನ್ನು ಅಲ್ಲಿಗೇ ಬದಿಗಿಟ್ಟೆ. ತಿನ್ನುವುದು ಖರ್ಚಿಗೆ ಸಾಲದಾದಾಗ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆ ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದನ್ನು ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂದು ಗುರುತಿಸಿದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸೇ ಇದು. ಕಳೆದುಕೊಂಡದ್ದು ಮುಂದೆ ಪೂರ್ತಿ ತುಂಬಿಕೊಳ್ಳದೆಯೂ ಇರಬಹುದು.

ಅಪ್ಪನಿಗೆ ಲೆಕ್ಕವೇ ಬೇಕಿತ್ತು, ಲೆಕ್ಕದಲ್ಲೇ ಹೇಳಿದೆ. ಜಂಪ್‌ನಲ್ಲಿ ಗಾಳಿಯಲ್ಲಿ ಸಿಗುವುದು ಸುಮಾರು ಅರ್ಧ ಸೆಕೆಂಡು. ಕೈಕಾಲು ಉದ್ದವಾಗಿ, ಸೊಂಟ ಅಗಲವಾದಾಗ ಅದೇ ಬಲಕ್ಕೆ ಸುತ್ತುವ ವೇಗ ತಗ್ಗುತ್ತದೆ. ಎರಡು ಕೆಜಿ ಇಳಿಸಿದರೆ ಕೈಕಾಲು ಗಿಡ್ಡವಾಗುವುದಿಲ್ಲ, ಜೊತೆಗೆ ಸ್ನಾಯುವೂ ಕರಗಿ ಜಂಪ್‌ನ ಎತ್ತರ ಇಳಿಯುತ್ತದೆ. ಸುತ್ತು ಪೂರ್ತಿಯಾಗದೆ ಬಿದ್ದ ಟ್ರಿಪಲ್ ಲುಟ್ಜ್‌ಗೆ ಮೂಲ ಅಂಕ 5.9ರಲ್ಲಿ ಶೇಕಡಾ 80, ಅಂದರೆ 4.72. ಬಿದ್ದದ್ದಕ್ಕೆ ಅದರಲ್ಲಿ ಅರ್ಧ ಹೋಗುತ್ತದೆ, ಮೇಲೆ ಇನ್ನೊಂದು ಅಂಕ ಕಡಿತ. ಕೊನೆಗೆ ಉಳಿಯುವುದು 1.36. ನೆಟ್ಟಗೆ ಇಳಿದ ಡಬಲ್ ಲುಟ್ಜ್‌ಗೆ 2.1 ಸಿಗುತ್ತದೆ.

"ಹಾಗಾದ್ರೆ ಡಬಲ್‌ನಲ್ಲೇ ಇದ್ರೆ ಟೈಮ್ ವೇಸ್ಟ್ ಆಗಲ್ವಾ?" ಎಂದರು ಅಪ್ಪ. ಆಗುವುದಿಲ್ಲ. ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸು 2024-25ರಿಂದ 17. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 15ಕ್ಕೇ ತಂಡದ ಚಿನ್ನ ಗೆದ್ದ ರಷ್ಯಾದ ಯೂಲಿಯಾ ಲಿಪ್ನಿತ್ಸ್ಕಾಯಾ ಊಟ ಬಿಡಿಸುವ ಕಾಯಿಲೆಯಾದ ಅನೊರೆಕ್ಸಿಯಾಗೆ ಚಿಕಿತ್ಸೆ ಪಡೆದು 2017ರಲ್ಲಿ ಆಟ ಬಿಟ್ಟರು. ಇಪ್ಪತ್ತು ದಾಟಿದ ಜಪಾನಿನ ಕಾವೋರಿ ಸಕಾಮೊಟೊ ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಇಲ್ಲದೆಯೇ 2022ರಿಂದ 2024ರವರೆಗೆ ಮೂರು ಬಾರಿ ವಿಶ್ವ ಚಾಂಪಿಯನ್ ಆದರು.

ಮೊದಲ ಸಲಹೆ, ಅದೇ ವಾರ ಕ್ರೀಡಾ ವೈದ್ಯರ ಭೇಟಿ. ಕಣಕಾಲಿಗೆ ಎಂಆರ್‌ಐ ಬೇಕೇ ಎಂದು ಕೇಳಲೇಬೇಕು, ಏಕೆಂದರೆ ಮೂಳೆಯ ಶುರುವಿನ ಬಿರುಕು ಎಕ್ಸ್-ರೇಯಲ್ಲಿ ಕಾಣದಿರಬಹುದು. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಮೂಳೆ ಸಾಂದ್ರತೆಯ ಮಾತೂ ಅಲ್ಲೇ ಆಗಲಿ. ಮಾತ್ರೆ ಕೊಟ್ಟು ಮುಟ್ಟು ತರಿಸಬಹುದಲ್ಲ ಎಂದು ಅಮ್ಮ ಕೇಳಿದರು. ಗರ್ಭನಿರೋಧಕ ಮಾತ್ರೆಯಿಂದ ಬರುವ ರಕ್ತಸ್ರಾವ ದೇಹ ಚೇತರಿಸಿಕೊಂಡದ್ದರ ಗುರುತಲ್ಲ, ಮೂಳೆಗೂ ಅದರಿಂದ ರಕ್ಷಣೆ ಸಿಗದು, ಸಮಸ್ಯೆ ಮುಚ್ಚಿಹೋಗುತ್ತದೆ ಅಷ್ಟೇ.

ಮನೆಯಲ್ಲಿ ತೂಕದ ಯಂತ್ರ ಎತ್ತಿಡಿ ಎಂದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಐಸ್‌ಗೆ ಇಳಿಯುವುದು ಬೇಡ: ಹೊರಡುವ ಮೊದಲು ಬಾಳೆಹಣ್ಣು, ತುಪ್ಪ ಸವರಿದ ಚಪಾತಿ. ಮುಗಿದ ಅರ್ಧ ಗಂಟೆಯೊಳಗೆ ಕಾರಿನಲ್ಲೇ ಡಬ್ಬಿಯ ಮೊಸರವಲಕ್ಕಿ, ಇಲ್ಲವೇ ಮೊಟ್ಟೆ. ಬೂಟನ್ನೂ ವಿಚಾರಿಸಿದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡದು ಕೊಂಡಿದ್ದರು. ಹಿಮ್ಮಡಿ ಒಳಗೆ ಜಾರಿದರೆ ನೆಗೆಯುವಾಗ ಬ್ಲೇಡಿನ ಅಂಚು (ಎಡ್ಜ್) ನಿಲ್ಲುವುದಿಲ್ಲ. ಶಾಲೆಯ ಶೂಗೆ ನಡೆಯುವ ಆ ಉಳಿತಾಯ ಇಲ್ಲಿ ನಡೆಯದು.

ಊಟ, ಮುಟ್ಟು ಆಪ್ತಸಲಹೆಗಾರರ ವಿಷಯವೇ ಎಂದು ಕೇಳುವವರಿದ್ದಾರೆ. ಹಸಿದ ಮಗುವಿನ ಮಂಕುತನಕ್ಕೆ ಬರೀ ಮಾತಿನ ಚಿಕಿತ್ಸೆ ಕೊಡುವುದು ನನ್ನ ಪ್ರಕಾರ ತಪ್ಪು. ಸ್ಕೇಟಿಂಗ್ ಬಿಡಿಸಿ ಎಂದೂ ನಾನು ಹೇಳಲಿಲ್ಲ. ಬೆಳವಣಿಗೆಯ ವರ್ಷದಲ್ಲಿ, ಅದೂ ಹೊಟ್ಟೆಗಿಲ್ಲದ ಹೊತ್ತಿನಲ್ಲಿ, ಬಿಡುವ ತೀರ್ಮಾನವೂ ಬೇಡ, ಮುಂದುವರಿಸುವ ಶಪಥವೂ ಬೇಡ. ಹದಿನೈದಾದರೂ ಮುಟ್ಟು ಶುರುವಾಗದಿದ್ದರೆ, ಶುರುವಾದದ್ದು ಮೂರು ತಿಂಗಳು ನಿಂತರೆ, ಸೀಸನ್ನಿನ ಸ್ಪರ್ಧೆಗಳು ಮುಗಿಯಲಿ ಎಂದು ಕಾಯದೆ ವೈದ್ಯರಿಗೆ ತೋರಿಸಿ.

ಎಂಆರ್‌ಐಯಲ್ಲಿ ಮೂಳೆಗೆ ಒತ್ತಡದಿಂದಾದ ಪೆಟ್ಟು ಕಂಡಿತು. ವೈದ್ಯರು ಜಂಪ್ ಪೂರ್ತಿ ನಿಲ್ಲಿಸಿದ್ದಾರೆ. ಅವರ ಪತ್ರ ತಲುಪಿದ ಮೇಲೆ ಕೋಚ್ ತೂಕದ ಮಾತೆತ್ತಿಲ್ಲ. ಮುಟ್ಟು ಇನ್ನೂ ಮರಳಿಲ್ಲ, ತಿಂಗಳುಗಳೇ ಹಿಡಿಯಬಹುದು. ಲುಟ್ಜ್ ಯಾವಾಗ ಶುರು ಎಂದು ಅಪ್ಪ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಆ ಪ್ರಶ್ನೆಯನ್ನು ಮಗಳು ಕೋಣೆಯಲ್ಲಿಲ್ಲದಾಗ ಕೇಳಿ ಎಂದಿದ್ದೇನೆ.